ಓ.ಟಿ. ಭಾವನಿಗೆ ಬಡ್ತಿ

ಬೆಂಗಳೂರಿನ ಪೀಣ್ಯದ ಕಡೆ ಸಂಸಾರ ಹೂಡಿದ ಗಂಡಸರಿಗೆ ಸಾಮಾನ್ಯವಾಗಿ ಎರಡು ಸಂಬಳ. ಒಂದು, ಹೆಣ್ಣು ಕೇಳಲು ಹೋದಾಗ ಹೇಳಿಕೊಳ್ಳುವುದು. ಇನ್ನೊಂದು, ಮದುವೆಯಾದ ಮೇಲೆ ದಿನಸಿ ಅಂಗಡಿಯವರ ಬಾಕಿ ತೀರಿಸುವುದು. ಮೊದಲನೆಯದು ನೇಮಕದ ಆರ್ಡರಿನಲ್ಲಿ ಟೈಪಾಗಿ, ಸೀಲು ಬಿದ್ದು, ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಬೀರುವಿನಲ್ಲಿ ಭದ್ರವಾಗಿರುತ್ತೆ. ಎರಡನೆಯದಕ್ಕೆ ಕಾಗದ ಪತ್ರ ಏನೂ ಇಲ್ಲ. ಓ.ಟಿ. ಎಂಬ ಓವರ್‌ಟೈಮ್ ಅನ್ನಿ, ನೈಟ್ ಅಲೋಯನ್ಸ್ ಅನ್ನಿ, ಬಾಟಾ ಅನ್ನಿ, ಇನ್ಸೆಂಟಿವ್ ಅನ್ನಿ, ಗ್ಯಾಸ್ ಸಿಲಿಂಡರಿನಿಂದ ಹಿಡಿದು ಗೌರಿ ಹಬ್ಬದ ಸೀರೆಯವರೆಗೆ ಎಲ್ಲವೂ ನಿಂತಿರುವುದು ಅದರ ಮೇಲೆ. ಗಿಂಬಳದ ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಗಿಂಬಳಕ್ಕೆ ಅಂಥ ಕಷ್ಟವೇನಿಲ್ಲ. ಟೇಬಲ್ಲು ಬದಲಾದರೆ ಹೊಸ ಟೇಬಲ್ಲಿನ ಕೆಳಗೆ ಅದು ಹೊಸದಾಗಿ ಹುಟ್ಟಿಕೊಳ್ಳುತ್ತೆ. ಮೈ ಮುರಿದು ದುಡಿದ ಮೇಲ್ಸಂಬಳಕ್ಕೆ ಮಾತ್ರ, ಟೇಬಲ್ಲು ಬದಲಾಯಿತೋ, ಕಥೆ ಮುಗೀತು.

ನಮ್ಮ ಅಕ್ಕನ ಗಂಡನ ಕಥೆ ಮುಗಿದದ್ದು ಹಾಗೇ. ಭಾವ ಒಂದು ಕಾರ್ಖಾನೆಯ ಹೀಟ್ ಟ್ರೀಟ್‌ಮೆಂಟ್ ಸೆಕ್ಷನ್ನಿನಲ್ಲಿ, ಫರ್ನೆಸ್ಸಿನ ಮುಂದೆ ಕೆಲಸ ಮಾಡುತ್ತಿದ್ದವರು. ನೆಂಟರಿಷ್ಟರ ಬಾಯಲ್ಲಿ ಅವರ ನಿಜವಾದ ಹೆಸರು ಮರೆತೇ ಹೋಗಿ ‘ಓ.ಟಿ. ಭಾವ’ ಅಂತಲೇ ಆಗಿಬಿಟ್ಟಿತ್ತು. ನಾಮಕರಣಕ್ಕೆ ಕರೆದರೂ ಅಷ್ಟೆ, ವೈಕುಂಠ ಸಮಾರಾಧನೆಗೆ ಕರೆದರೂ ಅಷ್ಟೆ, ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಬರುತ್ತಿದ್ದಳು. “ಭಾವ ಎಲ್ಲಿ?” ಅಂದರೆ, “ಓ.ಟಿ. ಕಣೋ” ಅನ್ನುತ್ತಿದ್ದಳು. ಆ ಮಾತಿನಲ್ಲಿ ಬೇಜಾರು ಇರುತ್ತಿತ್ತು ಅನ್ನುವಿರಾ? ನಾನು ಕಂಡ ಮಟ್ಟಿಗೆ ಒಂದು ಚೂರು ಜಂಬವೇ ಇರುತ್ತಿತ್ತು.

ಅವರ ಅಡುಗೆಮನೆಯ ಬಾಗಿಲ ಹಿಂದೆ ಒಂದು ಒಂಟಿಕೊಪ್ಪಲ್ ಕ್ಯಾಲೆಂಡರು. ಅದರಲ್ಲಿ ತಾರೀಖಿನ ಎಡಗಡೆ ಅಕ್ಕ ಹಾಲಿನ ಲೆಕ್ಕ ಬರೆಯುತ್ತಿದ್ದಳು, ಬಲಗಡೆ ಭಾವನ ಓ.ಟಿ. ಲೆಕ್ಕ. ಎಡಕ್ಕೆ ‘1 ಲೀ’, ಬಲಕ್ಕೆ ‘2 ಗಂ’. ಸಂಕಷ್ಟಿಯೋ ಏಕಾದಶಿಯೋ ಇದ್ದ ದಿನ ಪಂಚಾಂಗದ ಅಚ್ಚಿನಕ್ಷರದ ಮೇಲೆಯೇ ಓ.ಟಿ. ಕೂರುತ್ತಿತ್ತು. ತಿಂಗಳ ಕೊನೆಗೆ ಎರಡನ್ನೂ ಕೂಡಿಸಿ, ಹಾಲಿನವನಿಗೂ ಗಂಡನಿಗೂ ಒಂದೇ ಸಲ ಹಿಸಾಬು. ಕಾರ್ಖಾನೆಯ ಪಂಚಿಂಗ್ ಮೆಷಿನ್ನು ಕೆಟ್ಟಿದ್ದುಂಟು. ಅಕ್ಕನ ಕ್ಯಾಲೆಂಡರು ಕೆಟ್ಟಿದ್ದಿಲ್ಲ.

ಲೆಕ್ಕ ಸುಲಭ, ನೀವೂ ಬೇಕಾದರೆ ಬೆರಳು ಮಡಚಿ. ಭಾವನಿಗೆ ಮೂಲವೇತನ, ಡಿ.ಎ., ಫರ್ನೆಸ್ಸಿನ ಬಿಸಿ-ಧೂಳು ಕುಡಿಯುವುದಕ್ಕೆ ಕೊಡುವ ಭತ್ಯೆ, ನೈಟ್ ಶಿಫ್ಟಿನ ಭತ್ಯೆ ಎಲ್ಲಾ ಸೇರಿ ತಿಂಗಳಿಗೆ 20,800 ರೂಪಾಯಿ. 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆ. ಅಂದರೆ ಗಂಟೆಗೆ ನೂರು ರೂಪಾಯಿ. 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ನು ಏನು ಹೇಳುತ್ತಿತ್ತು? ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿ ದುಡಿಸಿದರೆ ಮೀರಿದ ಗಂಟೆಗೆ ಎರಡರಷ್ಟು ಕೂಲಿ. ಇದನ್ನು ನಾನು ಕಾಯ್ದೆ ಪುಸ್ತಕ ನೋಡಿ ಕಲಿತೆ. ಅಕ್ಕ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ಮೂರು ಸಲ ಕಟ್ಟಿದವಳು, ‘ಡಬ್ಬಲ್’ ಅನ್ನುವ ಒಂದೇ ಮಾತಿನಲ್ಲಿ ಮದುವೆಯಾದ ಮೊದಲ ತಿಂಗಳೇ ಕಲಿತಿದ್ದಳು. ತಿಂಗಳಿಗೆ ನಲವತ್ತು ಗಂಟೆ ಓ.ಟಿ. ಆದರೆ 8,000 ರೂಪಾಯಿ. ಮೂರು ತಿಂಗಳಿಗೆ 120 ಗಂಟೆ. ಆದರೆ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೆ 75 ಗಂಟೆ ದಾಟುವ ಹಾಗಿರಲಿಲ್ಲವಲ್ಲ? ಇರಲಿಲ್ಲ. ಅದಕ್ಕೇ ರಿಜಿಸ್ಟರಿನಲ್ಲಿ ಭಾವ 75 ಗಂಟೆ ದುಡಿಯುತ್ತಿದ್ದರು, ಕ್ಯಾಲೆಂಡರಿನಲ್ಲಿ 120. ನಡುವಿನ 45 ಗಂಟೆಗೆ ಸ್ಲಿಪ್ಪಿನಲ್ಲಿ ಬೇರೇನೋ ಹೆಸರು ಕೊಟ್ಟು ದುಡ್ಡು ಬರುತ್ತಿತ್ತು. 2023ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು 75 ಅನ್ನು 144ಕ್ಕೆ ಏರಿಸಿತು. ಕಾರ್ಮಿಕ ಸಂಘಟನೆಗಳವರು ದಿನಕ್ಕೆ ಹನ್ನೆರಡು ಗಂಟೆ ದುಡಿಸುವ ಹುನ್ನಾರ ಇದು ಅಂತ ಕೂಗಾಡಿದರು. ಕೂಗಾಡಿದ್ದು ಸರಿಯೇ. ಅಕ್ಕ ಮಾತ್ರ, “ಇನ್ನೂ ಇಪ್ಪತ್ನಾಲ್ಕು ಗಂಟೆ ಜಾಗ ಇದೆ ಅನ್ನಿ” ಅಂದಳು. ಆಳುವವರಿಗೆ ಇಂಥ ಹೆಂಗಸರು ಇದ್ದಾರೆ ಅನ್ನುವುದು ಗೊತ್ತಿದ್ದೇ ಕಾಯ್ದೆ ತಿದ್ದುತ್ತಾರೋ ಏನೋ.

ಆ ಮನೆಯಲ್ಲಿ ಯಾವುದು ಸಂಬಳದ್ದು, ಯಾವುದು ಓ.ಟಿ.ಯದ್ದು ಅಂತ ಅಕ್ಕನಿಗೆ ಬಾಯಿಪಾಠ. ಬಾಡಿಗೆ, ಅಕ್ಕಿ, ಬೇಳೆ, ಕರೆಂಟು ಸಂಬಳದವು. ಫ್ರಿಜ್ಜು ಓ.ಟಿ. ಮಗಳ ಟ್ಯೂಷನ್ನು ಓ.ಟಿ. ಮಗನ ಬೈಕಿನ ಕಂತು ಓ.ಟಿ. ಬೀದಿಯ ಹೆಂಗಸರ ಚೀಟಿ ಓ.ಟಿ. ವರಮಹಾಲಕ್ಷ್ಮಿಗೆ ಕೂರಿಸುವ ಬೆಳ್ಳಿ ಮುಖವಾಡ ಅಂತೂ ಅಪ್ಪಟ ನೈಟ್ ಶಿಫ್ಟ್. ಭಾವ ಒಂದು ಮಳೆಗಾಲವಿಡೀ ಹಗಲು ಮಲಗಿ ಗಳಿಸಿದ್ದು. ಹೀಗೆ ನೋಡುತ್ತಾ ಹೋದರೆ ‘ಸಂಬಳ’ ಅನ್ನುವುದು ಜೀವ ಉಳಿಸಿಕೊಳ್ಳುವುದಕ್ಕೆ, ‘ಮೇಲಿನದು’ ಅನ್ನುವುದು ಬದುಕುವುದಕ್ಕೆ. ಇದನ್ನು ಇಂಗ್ಲಿಷ್ ಕಲಿತ ಮ್ಯಾನೇಜರುಗಳು ‘ವೇರಿಯಬಲ್’ ಅನ್ನುತ್ತಾರೆ. ಬೈಕಿನ ಕಂತಿನವನು ಪ್ರತಿ ತಿಂಗಳು ಐದನೇ ತಾರೀಖಿಗೆ ಸರಿಯಾಗಿ ಬರುತ್ತಾನಪ್ಪಾ, ಅವನ್ಯಾಕೆ ವೇರಿಯಬಲ್ ಆಗಲ್ಲ?

ಸರಿ, 2024ರ ಆಯುಧಪೂಜೆ ಬಂತು. ಫರ್ನೆಸ್ಸಿಗೆ ಚೆಂಡುಹೂವಿನ ಹಾರ, ಬೂದುಗುಂಬಳ, ಕಡ್ಲೆಪುರಿ ಪೊಟ್ಟಣ, ಒಂದೊಂದು ಸ್ವೀಟ್ ಬಾಕ್ಸು. ಆವತ್ತೇ ಹೆಚ್.ಆರ್. ಹುಡುಗಿ ಭಾವನನ್ನು ಕರೆದು, ಎಲ್ಲರ ಮುಂದೆ ಶಾಲು ಹೊದಿಸಿ ಒಂದು ಲಕೋಟೆ ಕೊಟ್ಟಳು. ‘ಸೀನಿಯರ್ ಪ್ರೋಸೆಸ್ ಸೂಪರ್‌ವೈಸರ್.’ ಇಪ್ಪತ್ತು ಚಿಲ್ಲರೆ ವರ್ಷದ ಸೇವೆ ಗುರುತಿಸಿ ಬಡ್ತಿ. ಇನ್ನು ಫರ್ನೆಸ್ಸಿನ ಹತ್ತಿರ ಹೋಗುವ ಹಾಗಿಲ್ಲ. ಗಾಜಿನ ಕ್ಯಾಬಿನ್ನು, ಚಕ್ರದ ಕುರ್ಚಿ, ಬಿಳಿ ಶರ್ಟು, ಕೊರಳಲ್ಲಿ ದಾರದ ಐಡಿ ಕಾರ್ಡು, ಜನರಲ್ ಶಿಫ್ಟು. ಜನ ಚಪ್ಪಾಳೆ ತಟ್ಟಿದರು. ಭಾವ ಸಂಜೆ ಒಂದು ಕೇಜಿ ಮೈಸೂರು ಪಾಕು ತಂದು ಇಡೀ ಬೀದಿಗೆ ಹಂಚಿದರು. ಅದು ಓ.ಟಿ. ದುಡ್ಡಿನ ಕೊನೆಯ ಮೈಸೂರು ಪಾಕು ಅಂತ ತಿಂದವರಿಗೂ ಗೊತ್ತಿರಲಿಲ್ಲ, ಹಂಚಿದವರಿಗೂ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ಸ್ಲಿಪ್ಪು ಬಂತು. ಮೂಲವೇತನಕ್ಕೆ 2,500 ಕೂಡಿತ್ತು, ನಿಜ. ಫರ್ನೆಸ್ಸಿನ ಬಿಸಿ, ಧೂಳು ಕುಡಿಯುವುದು ನಿಂತದ್ದರಿಂದ ಅದರ ಭತ್ಯೆ ಇಲ್ಲ. ರಾತ್ರಿ ಪಾಳಿ ಇಲ್ಲ, ಆ ಭತ್ಯೆಯೂ ಇಲ್ಲ. ಎರಡೂ ಸೇರಿ ಸಾವಿರ ಖೋತಾ. ಅಲ್ಲಿಗೆ 22,300. ಓ.ಟಿ. ಕಾಲಮ್ಮಿನಲ್ಲಿ ಒಂದು ಸೊನ್ನೆ. ಸೂಪರ್‌ವೈಸರು ಅಂದಮೇಲೆ ಓ.ಟಿ. ಎಲ್ಲಿಂದ ಬಂತು? ಮೊದಲು ಎಲ್ಲಾ ಸೇರಿ 28,800 ಬರುತ್ತಿದ್ದ ಮನೆಗೆ ಬಡ್ತಿಯಾದ ಮೇಲೆ 6,500 ಕಡಿಮೆ. ಅಕ್ಕ ಸ್ಲಿಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಹಿಂದಿನ ಪುಟದಲ್ಲಿ ಇರಬಹುದು ಅಂತ. ಹಿಂದಿನ ಪುಟ ಬಿಳಿ.

ಅಷ್ಟಕ್ಕೇ ಮುಗಿಯಲಿಲ್ಲ ನೋಡಿ. ಕಾರ್ಮಿಕರ ವಿಮೆಯಾದ ಇ.ಎಸ್.ಐ.ಗೆ ಸೇರಿರಲು ತಿಂಗಳ ವೇತನ 21,000 ದಾಟಬಾರದು. ಮಿತಿ ನೋಡುವಾಗ ಓ.ಟಿ. ದುಡ್ಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ 28,800 ಕೈಗೆ ಬರುತ್ತಿದ್ದಾಗ ಭಾವ ಬಡವರು, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಚೀಟಿ ಅವರ ಹಕ್ಕು. 22,300ಕ್ಕೆ ಇಳಿದ ಮೇಲೆ ಭಾವ ಶ್ರೀಮಂತರು, ಮಾರ್ಚಿಗೆ ಆ ವಂತಿಗೆ ಅವಧಿ ಮುಗಿದು, ಅದಕ್ಕೆ ಸಿಗುವ ಸೌಲಭ್ಯದ ಅವಧಿಯೂ ಮುಗಿದ ಮೇಲೆ ಆಸ್ಪತ್ರೆಗೂ ಹೊರಗು. ಅಕ್ಕನ ಬಿ.ಪಿ. ಮಾತ್ರೆ ಅಲ್ಲಿಂದಲೇ ಬರುತ್ತಿದ್ದದ್ದು. ಸ್ಲಿಪ್ಪು ನೋಡಿದ ದಿನವೇ ಬಿ.ಪಿ. ಏರಿತು, ಮಾತ್ರೆ ಆಮೇಲೆ ನಿಂತಿತು.

ಇದರಲ್ಲಿ ಇನ್ನೊಂದು ತಮಾಷೆ ಇದೆ, ಹೇಳದೇ ಇರಲಾರೆ. ಓ.ಟಿ. ದುಡ್ಡು ಬರುತ್ತಿದ್ದಷ್ಟು ವರ್ಷ ಅದರ ಮೇಲೆ ಇ.ಎಸ್.ಐ. ವಂತಿಗೆ ಹಿಡಿಯುತ್ತಿದ್ದರು, ಕೊನೆಕೊನೆಗೆ ನೂರಕ್ಕೆ ಮುಕ್ಕಾಲು ರೂಪಾಯಿ. ಪಿ.ಎಫ್. ವಿಷಯ ಬಂದರೆ ಓ.ಟಿ. ಮೂಲವೇತನವಲ್ಲ, ಅದರ ಮೇಲೆ ಬಿಡಿಕಾಸು ಪಿ.ಎಫ್. ಇಲ್ಲ. ಗ್ರಾಚ್ಯುಯಿಟಿಗೂ ಹಾಗೇ, ಓ.ಟಿ. ಲೆಕ್ಕಕ್ಕಿಲ್ಲ. ಕಿತ್ತುಕೊಳ್ಳುವಾಗ ಸಂಬಳ, ಕೂಡಿಡುವಾಗ ಪರಾಯಿ ದುಡ್ಡು. ಭಾವ ಫರ್ನೆಸ್ಸಿನ ಮುಂದೆ ಅರ್ಧ ಆಯಸ್ಸು ಕಳೆದದ್ದಕ್ಕೆ ಸರ್ಕಾರದ ದಾಖಲೆಯಲ್ಲಿ ದಿನಕ್ಕೆ ಎಂಟೇ ಗಂಟೆ.

ದುಡ್ಡಿನ ಮಾತು ಒಂದು ಕಡೆ ಇರಲಿ, ಗಂಡನ ಮಾತಿಗೆ ಬರೋಣ. ಇಷ್ಟು ವರ್ಷ ರಾತ್ರಿ ಹತ್ತಕ್ಕೆ ಎಣ್ಣೆ ವಾಸನೆಯ ಯೂನಿಫಾರ್ಮಿನಲ್ಲಿ ಬಂದು, ಉಂಡು, ಮಲಗುತ್ತಿದ್ದ ಮನುಷ್ಯ ಈಗ ಸಂಜೆ ಐದೂವರೆಗೇ ಮನೆಯಲ್ಲಿ ಪ್ರತ್ಯಕ್ಷ. ಬಿಳಿ ಶರ್ಟು ಕೊಳೆಯಾಗಿಲ್ಲ, ಮೈ ದಣಿದಿಲ್ಲ. ದಣಿಯದ ಗಂಡಸು ಏನು ಮಾಡುತ್ತಾನೆ? ಅಡುಗೆಮನೆಗೆ ಬರುತ್ತಾನೆ. “ಸಾರಿಗೆ ಇಷ್ಟು ಹುಣಸೆಹಣ್ಣು ಯಾಕೆ ಹಾಕ್ತೀಯ?” ಅಂತ ಕೇಳಿದರು. ಅಕ್ಕ ಉತ್ತರ ಕೊಡಲಿಲ್ಲ. ಮಾರನೇ ದಿನ, “ಟಿ.ವಿ. ಇಷ್ಟು ಹೊತ್ತು ಓಡುತ್ತಾ ನಮ್ಮನೇಲಿ?” ಅಂದರು. ಮಗಳು ಟ್ಯೂಷನ್ನಿಂದ ಬರುವುದು ಹತ್ತು ನಿಮಿಷ ತಡವಾದರೆ ಬೀದಿ ಬಾಗಿಲಲ್ಲಿ ನಿಂತರು. ಮಗ ಬೈಕಿನಲ್ಲಿ ಎಲ್ಲಿಗೆ ಹೋಗುತ್ತಾನೆ ಅನ್ನುವುದು ಅವರಿಗೆ ಆಗಲೇ ಗೊತ್ತಾದದ್ದು. ಒಂದು ವಾರ ಕಳೆಯುವಷ್ಟರಲ್ಲಿ ಅಕ್ಕ ನನಗೆ ಫೋನ್ ಮಾಡಿ, “ದುಡ್ಡು ಹೋದ್ರೆ ಹೋಗ್ಲಿ ಕಣೋ, ಇವರನ್ನ ಸುಮ್ನೆ ಎರಡು ಗಂಟೆ ಅಲ್ಲೇ ಕೂರಿಸ್ಕೊಳ್ಳೋಕೆ ಹೇಳು” ಅಂದಳು. ಕಾರ್ಖಾನೆಯವರು ಡಬ್ಬಲ್ ಕೂಲಿ ಕೊಡುತ್ತಿದ್ದದ್ದು ಭಾವ ಅಲ್ಲಿ ಇದ್ದುದಕ್ಕಲ್ಲ, ಮನೆಯಲ್ಲಿ ಇಲ್ಲದ್ದಕ್ಕೆ ಅಂತ ನನಗೆ ಅನುಮಾನ.

ಆ ಬೀದಿಯಲ್ಲಿ ರಿಟೈರಾದ ಲೋಕೋ ಪೈಲಟ್ ಒಬ್ಬರಿದ್ದಾರೆ. ಮಕ್ಕಳಿಗೆಲ್ಲ ರೈಲ್ವೆ ಮಾಮ. ಭಾವ ಗೋಳು ಹೇಳಿಕೊಂಡಾಗ ಅವರು ಎಲೆಅಡಿಕೆ ಪಕ್ಕಕ್ಕೆ ಸರಿಸಿ ನಕ್ಕುಬಿಟ್ಟರು. “ಏನಪ್ಪಾ, ನೀನು ಹುಟ್ಟಿದ್ದು ಪೀಣ್ಯದಲ್ಲಿ, ಅದೇ ತಪ್ಪು. ನಮ್ಮ ಇಲಾಖೇಲಿ ಹುಟ್ಟಬೇಕಿತ್ತು” ಅಂದರು. ರೈಲು ಓಡಿಸುವವರಿಗೆ ಓಡಿಸಿದ ಕಿಲೋಮೀಟರಿಗೆ ತಕ್ಕ ರನ್ನಿಂಗ್ ಅಲೋಯನ್ಸ್. ಅದರಲ್ಲಿ ಒಂದು ಪಾಲು ಸಂಬಳವೇ ಅಂತ ರೈಲ್ವೆಯವರು ಬಹಳ ಹಿಂದೆಯೇ ಒಪ್ಪಿಕೊಂಡಿದ್ದಾರೆ. ಗಾಡಿ ಓಡಿಸುವವನನ್ನು ಇಳಿಸಿ ಆಫೀಸಿನಲ್ಲಿ ಕೂರುವ ಕೆಲಸಕ್ಕೆ ಹಾಕಿದರೆ ಮೂಲವೇತನದ ಮೇಲೆ ಶೇ. 30 ಸೇರಿಸಿ ಕೊಡುತ್ತಾರೆ. ಕಣ್ಣು ಮಂಜಾಗಿ ಬೇರೆ ಹುದ್ದೆಗೆ ಹೋದರೂ ಆ ಮೂವತ್ತು ಜೊತೆಗೇ ಹೋಗುತ್ತೆ. ಪೆನ್ಷನ್ನಿಗೆ ಶೇ. 55. “ಮೊದಲು ಅದು ಎಪ್ಪತ್ತೈದರವರೆಗೂ ಇತ್ತು” ಅಂದರು ಮಾಮ. 1988ರ ಡಿಸೆಂಬರಿನಲ್ಲಿ ರೈಲ್ವೆ ಅದನ್ನು ಇಳಿಸಿ, ಇಳಿಸಿದ್ದನ್ನು ಹಳೇ ತಾರೀಖಿನಿಂದಲೇ ಜಾರಿ ಅಂತ ಆದೇಶ ಹೊರಡಿಸಿತು. ರಂಗಧಾಮಯ್ಯ ಅನ್ನುವವರ ಹೆಸರಿನ ಕೇಸು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, ಆಗಲೇ ರಿಟೈರಾದವರ ಗಂಟಿಗೆ ಹಿಂದಿನ ತಾರೀಖು ಹಾಕಿ ಕೈಹಾಕುವ ಹಾಗಿಲ್ಲ ಅಂತ 1997ರಲ್ಲಿ ತೀರ್ಪಾಯಿತು. ಹೆಸರು ಕೇಳಿದರೇ ನಮ್ಮ ಪಕ್ಕದ ಬೀದಿಯವರು ಅನ್ನಿಸುವುದಿಲ್ಲವೇ?

ಭಾವನಿಗೆ ಹುರುಪು ಬಂತು. ನೇರ ಯೂನಿಯನ್ ಸೆಕ್ರೆಟರಿಯ ಹತ್ತಿರ ಹೋದರು. ವರ್ಷಗಟ್ಟಲೆ ಚಂದಾ ಕೊಟ್ಟವರು, ಗೇಟ್ ಮೀಟಿಂಗಿನಲ್ಲಿ ಮುಷ್ಟಿ ಎತ್ತಿದವರು. ಸೆಕ್ರೆಟರಿ ಎದ್ದು ನಿಂತು ಕುರ್ಚಿ ಕೊಟ್ಟ. ಅಲ್ಲಿಗೇ ಭಾವನಿಗೆ ಅರ್ಥವಾಗಬೇಕಿತ್ತು. “ನೀವೀಗ ಆಫೀಸರು ಸಾರ್, ನಮ್ಮ ಲಿಸ್ಟಲ್ಲಿ ಇಲ್ಲ” ಅಂದ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮೇಲ್ವಿಚಾರಣೆಯ ಕೆಲಸ ಮಾಡುತ್ತಾ ತಿಂಗಳಿಗೆ 10,000ಕ್ಕಿಂತ ಹೆಚ್ಚು ಪಡೆಯುವವನು ಕಾರ್ಮಿಕನೇ ಅಲ್ಲ ಅಂತಿತ್ತು. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಮಿತಿ 18,000 ಆಯಿತು. ಭಾವ ಆ ಲೆಕ್ಕದಲ್ಲೂ ಹೊರಗೇ. ಹೋಗಲಿ ಅಂತ ಮ್ಯಾನೇಜ್‌ಮೆಂಟಿನವರ ಮೀಟಿಂಗಿಗೆ ಹೋದರೆ ಅಲ್ಲಿ ಇವರನ್ನು ಕರೆದದ್ದು ಪ್ರೊಜೆಕ್ಟರಿನ ಪ್ಲಗ್ಗು ಸರಿ ಮಾಡಲು.

ಆದರೂ ಕಾಯ್ದೆಯಲ್ಲಿ ಸಂದಿಗೊಂದಿ ಇದೆ. ಓ.ಟಿ. ಕೊಡಲೇಬೇಕು ಅಂತ ಮಾಲೀಕನ ಕುತ್ತಿಗೆ ಮೇಲೆ ಕೂರುವ ಹಾಗಿಲ್ಲ. ಮಾಡಿಸಿಕೊಂಡರೆ ಡಬ್ಬಲ್ ಕೊಡಬೇಕು, ಅಷ್ಟೆ. ಭತ್ಯೆಗಳ ಕಥೆ ಬೇರೆ. ಕೈಗಾರಿಕಾ ವಿವಾದ ಕಾಯ್ದೆಯ 9ಎ ಸೆಕ್ಷನ್ನು ಏನು ಹೇಳುತ್ತಿತ್ತೆಂದರೆ, ಕೂಲಿ, ಭತ್ಯೆ, ಪಾಳಿ, ಇವುಗಳನ್ನು ಬದಲಾಯಿಸುವ ಮುಂಚೆ ಕಾರ್ಮಿಕರಿಗೆ 21 ದಿನದ ನೋಟಿಸು ಕೊಡಬೇಕು. ಆ ಪಟ್ಟಿಯಲ್ಲಿ ನನಗೆ ಬಲು ಇಷ್ಟವಾದ ಬಾಬತ್ತು ಒಂದಿದೆ: ವಾಡಿಕೆಯಾಗಿ ಬಂದ ಸೌಲಭ್ಯವನ್ನು ಹಿಂತೆಗೆದುಕೊಳ್ಳುವುದು. ಕಾಗದದಲ್ಲಿ ಇಲ್ಲದಿದ್ದರೂ, ವರ್ಷಾನುಗಟ್ಟಲೆ ಕೊಟ್ಟು ರೂಢಿ ಮಾಡಿಸಿದ್ದನ್ನು ಸದ್ದಿಲ್ಲದೆ ಕಿತ್ತುಕೊಳ್ಳುವ ಹಾಗಿಲ್ಲ. ಹೊಸ ಸಂಹಿತೆಯಲ್ಲೂ ಆ 21 ದಿನ ಉಳಿದಿದೆ. ಗುವಾಹಟಿಯ ತೈಲ ಶುದ್ಧೀಕರಣಾಗಾರದ ನೌಕರರಿಗೆ ಅಸ್ಸಾಂ ಭತ್ಯೆ ಅಂತ ಒಂದು ಬರುತ್ತಿತ್ತು. ಮನೆ ಬಾಡಿಗೆ ಭತ್ಯೆ ಕೊಟ್ಟೆವಲ್ಲ ಅಂತ ಇಂಡಿಯನ್ ಆಯಿಲ್ ಅದನ್ನು ನೋಟಿಸಿಲ್ಲದೆ ನಿಲ್ಲಿಸಿತು. ಇದು ಸಲ್ಲದು ಅಂತ ಸುಪ್ರೀಂ ಕೋರ್ಟು 1975ರಲ್ಲಿ ಹೇಳಿತು. ನಮ್ಮ ಕಡೆಯದೇ ಬೇಕೆಂದರೆ ಹರಿಹರದ ಪಕ್ಕ ತುಂಗಭದ್ರೆಯ ದಂಡೆಯ ಪಾಲಿಫೈಬರ್ಸ್ ಕಾರ್ಖಾನೆಯ ಕೇಸಿದೆ. ನೈಟ್ ಶಿಫ್ಟ್ ಭತ್ಯೆ, ಬಿಸಿ-ಅನಿಲ-ಧೂಳಿನ ಭತ್ಯೆ, ಇನ್ಸೆಂಟಿವ್, ಇವೆಲ್ಲ ಇ.ಎಸ್.ಐ. ಲೆಕ್ಕದಲ್ಲಿ ವೇತನವೇ ಅಂತ 1984ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಧೂಳೂ ಸಂಬಳ! ನಮ್ಮ ಭಾವ ಎಷ್ಟು ಸಂಬಳ ಕೆಮ್ಮಿ ಹೊರಗೆ ಹಾಕಿದ್ದಾರೋ.

ಇಷ್ಟೆಲ್ಲ ಓದಿ ಹೇಳಿದೆ ನಾನು. ಭಾವ ಕೇಳಿದ್ದು ಒಂದೇ ಪ್ರಶ್ನೆ: “ಆ ನೋಟಿಸು ಕೊಡಬೇಕಾದ್ದು ಕಾರ್ಮಿಕರಿಗೆ. ನಾನು ಆಯುಧಪೂಜೆ ದಿನ ಮಧ್ಯಾಹ್ನದಿಂದ ಕಾರ್ಮಿಕ ಅಲ್ಲವಲ್ಲ?” ಮನುಷ್ಯ ಚುರುಕು. ಶಾಲು ಹೊದಿಸಿದ್ದು ಸುಮ್ಮನೆ ಅಲ್ಲ. ಸಂಬಳಕ್ಕೆ ಕತ್ತರಿ ಹಾಕುವವರು ಯಾರೂ ಈಗ ಕತ್ತರಿ ತೋರಿಸುವುದಿಲ್ಲ, ಶಾಲು ತೋರಿಸುತ್ತಾರೆ. ಆದರೆ ನ್ಯಾಯಾಲಯಗಳು ಹುದ್ದೆಯ ಹೆಸರನ್ನು ನೋಡುವುದಿಲ್ಲ, ಮಾಡುವ ಕೆಲಸ ನೋಡುತ್ತವೆ. ಬೋರ್ಡಿನಲ್ಲಿ ಸೂಪರ್‌ವೈಸರು ಅಂತ ಇದ್ದು ಕೈಯಲ್ಲಿ ಸ್ಪ್ಯಾನರ್ ಇದ್ದರೆ ಅವನು ಕಾರ್ಮಿಕನೇ. “ಹಾಗಾದರೆ ನೀವು ಯಾರ ಮೇಲೆ ಮೇಲ್ವಿಚಾರಣೆ ಮಾಡ್ತೀರಿ ಭಾವ?” ಅಂದೆ. ಯೋಚಿಸಿ ಹೇಳಿದರು: “ಕ್ಯಾಬಿನ್ನಿನಲ್ಲಿ ನಾನೊಬ್ಬನೇ ಇರೋದು. ಒಂದು ಕಂಪ್ಯೂಟರಿದೆ. ಫರ್ನೆಸ್ಸಿನ ಟೆಂಪರೇಚರ್ ಅದರಲ್ಲಿ ಬರುತ್ತೆ, ನಾನು ಪುಸ್ತಕಕ್ಕೆ ಬರ್ಕೋತೀನಿ.” ಕೇಸು ಗಟ್ಟಿಯಾಗಿದೆ ಅಂತ ನನಗೆ ಒಳಗೊಳಗೇ ಖುಷಿ.

ಇದು ಪೀಣ್ಯಕ್ಕೆ ಮಾತ್ರ ಬಂದ ಗ್ರಹಚಾರ ಅಂದುಕೊಳ್ಳಬೇಡಿ. ನನ್ನ ಚಿಕ್ಕಪ್ಪನ ಮಗ ಅಮೆರಿಕದ ಹಗಲಿಗೆ ಬೆಂಗಳೂರಿನ ರಾತ್ರಿಯಲ್ಲಿ ಫೋನ್ ಎತ್ತುತ್ತಿದ್ದ. ಡೇ ಶಿಫ್ಟಿಗೆ ಹಾಕಿದರು. ಮಗ ಈಗಲಾದರೂ ಮನುಷ್ಯರ ಹಾಗೆ ಮಲಗುತ್ತಾನೆ ಅಂತ ಚಿಕ್ಕಮ್ಮ ಆಂಜನೇಯನಿಗೆ ವಡೆಹಾರ ಹಾಕಿಸಿದರು. ಅವನು ನೈಟ್ ಅಲೋಯನ್ಸ್ ನಂಬಿ ತೆಗೆದುಕೊಂಡಿದ್ದ ಫ್ಲಾಟಿನ ಕಂತು ನೆನೆದು ನಿದ್ದೆ ಬಿಟ್ಟ. ಲೈನಿನ ಮೇಲೆ ಹೋಗುತ್ತಿದ್ದ ಬಸ್ ಕಂಡಕ್ಟರನ್ನು ಡಿಪೋದೊಳಗೆ ಕೂರಿಸಿದರೂ ಇದೇ ಹಾಡು.

ಅಂತೂ ಭಾವನ ಪರವಾಗಿ ಒಂದು ಮನವಿ ಬರೆದುಕೊಟ್ಟೆ. ತಮ್ಮ ಕೆಲಸದ ಸ್ವರೂಪ ಹೀಗಿದೆ, ಭತ್ಯೆಗಳು ಇಷ್ಟು ವರ್ಷ ತಪ್ಪದೆ ಬಂದಿವೆ, ಬಡ್ತಿಯಿಂದ ಒಟ್ಟು ಆದಾಯ ಇಷ್ಟು ಕುಸಿದಿದೆ, ಒಂದೋ ಸರಿದೂಗಿಸಿ ಇಲ್ಲವೇ ನನ್ನ ಫರ್ನೆಸ್ಸಿಗೆ ನನ್ನನ್ನು ವಾಪಸ್ ಕಳಿಸಿ. ಸಾಕ್ಷಿಗೆ ಅಕ್ಕ ಹಳೇ ಕ್ಯಾಲೆಂಡರುಗಳ ಹಾಳೆ ಕಿತ್ತುಕೊಟ್ಟಳು. ಅದರಲ್ಲಿ ಹಾಲಿನ ಲೆಕ್ಕವೂ ಇದೆಯಲ್ಲ ಅಂದರೆ, “ಇರ್ಲಿ ಬಿಡೋ, ಅದನ್ನೂ ಓದ್ಲಿ” ಅಂದಳು.

ಉತ್ತರ ಬಂತು. ಶ್ರೀಯುತರ ಭಾವನೆಗಳನ್ನು ಆಡಳಿತ ಮಂಡಳಿ ಗೌರವಿಸುತ್ತದೆ, ವಿಷಯ ಪರಿಶೀಲನೆಯಲ್ಲಿದೆ. ಅದರ ಕೆಳಗೇ ಇನ್ನೊಂದು ಪ್ಯಾರಾ: ಸಂಜೆ ಸರಿಯಾದ ಹೊತ್ತಿಗೆ ಮನೆ ಸೇರುವ ಹಿರಿಯ ಸಿಬ್ಬಂದಿಯಾಗಿ ತಾವು, ಕೆಲಸ ಮತ್ತು ಕುಟುಂಬ ಎರಡನ್ನೂ ಹೇಗೆ ತೂಗಿಸಬೇಕು ಎಂಬ ಬಗ್ಗೆ ಹೊಸ ಹುಡುಗರಿಗೆ ಬರುವ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ನಾಲ್ಕು ಮಾತು ಹೇಳಬೇಕಾಗಿ ಕೋರಿಕೆ.

“ಭಾನುವಾರ ಅಂದ್ರೆ ಡಬ್ಬಲ್ಲಾರೀ?” ಅಂದಳು ಅಕ್ಕ.

“ಆಫೀಸರಿಗೆ ಎಲ್ಲಿಯ ಡಬ್ಬಲ್ಲೇ. ಟೀ, ಬಿಸ್ಕತ್ತು ಕೊಡ್ತಾರಂತೆ.”

“ಹಾಗಾದ್ರೆ ಬಿಸ್ಕತ್ತನ್ನಾದ್ರೂ ಡಬ್ಬಲ್ ಇಸ್ಕೊಳ್ಳಿ, ಸಂಕೋಚ ಪಡಬೇಡಿ” ಅಂದಳು.